ಪೂಜೆಯ ಭಾಷೆ ಭಕ್ತನಿಗೆ ಅರ್ಥವಾಗಬೇಕೇ? ಸಂಸ್ಕೃತ, ಕನ್ನಡ ಮತ್ತು ಇತರ ಧರ್ಮಗಳ ಅನುಭವ

ಪ್ರಶ್ನೆ: ಶರಾವತಿ ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ದೇವಸ್ಥಾನದ ಆಡಳಿತ ಮಂಡಳಿಯ ಮುಂದೆ ಈಗ ಒಂದು ಮನವಿ ಬಂದಿದೆ. ದಿನನಿತ್ಯದ ಸಂಕಲ್ಪ, ಅರ್ಚನೆ ಮತ್ತು ಮಂಗಳಾರತಿಯ ಸಮಯದ ಸ್ತೋತ್ರಗಳು ಕನ್ನಡದಲ್ಲಿಯೇ ನಡೆಯಬೇಕೆಂದು ಕೆಲವು ಭಕ್ತರು ಬರೆದುಕೊಟ್ಟಿದ್ದಾರೆ. ಸಂಸ್ಕೃತವನ್ನು ಬಿಟ್ಟರೆ ಪೂಜೆಗೆ ಫಲವೇ ಇಲ್ಲವೆಂದು ಇನ್ನು ಕೆಲವರು ಅಷ್ಟೇ ದೃಢವಾಗಿ ಹೇಳುತ್ತಿದ್ದಾರೆ. ಎರಡೂ ಕಡೆಯವರು ಶ್ರದ್ಧೆಯುಳ್ಳವರೇ ಆಗಿರುವುದರಿಂದ ಯಾರ ಮಾತನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಂಡಳಿಯ ಸದಸ್ಯನಾಗಿ ನಾನು ಈ ವಿಷಯದಲ್ಲಿ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಬೇಕಾಗಿದೆ.

ನನ್ನ ಮನಸ್ಸಿನಲ್ಲಿಯೇ ಎರಡು ಅನುಭವಗಳು ಎದುರುಬದುರಾಗಿ ನಿಂತಿವೆ. ಸೋಮವಾರದ ರುದ್ರಾಭಿಷೇಕದಲ್ಲಿ ನಾಲ್ಕೈದು ಮಂದಿ ವೈದಿಕರು ಒಂದೇ ಸ್ವರದಲ್ಲಿ ಯಜುರ್ವೇದದ ರುದ್ರಸ್ತುತಿಯಾದ ನಮಕವನ್ನು ಹೇಳುವಾಗ, ಒಂದು ಪದವೂ ತಿಳಿಯದಿದ್ದರೂ ಮನಸ್ಸು ತಾನಾಗಿ ನೆಲೆಗೊಳ್ಳುತ್ತದೆ. ಅದೇ ಪಠಣದ ಬದಲು ಒಂದು ಕನ್ನಡ ಗದ್ಯವನ್ನು ಓದಿದರೆ ಹಾಗಾಗುವುದೆಂದು ನನಗೆ ಅನ್ನಿಸುವುದಿಲ್ಲ. ಆದರೆ ತಂದೆಯ ಶ್ರಾದ್ಧದ ದಿನ ಪುರೋಹಿತರು ಹೇಳಿಕೊಟ್ಟದ್ದನ್ನು ತುಂಡುತುಂಡಾಗಿ ತಿರುಗಿ ಹೇಳುವಾಗ, ಇದು ನಾನು ನನ್ನ ತಂದೆಗೆ ಸಲ್ಲಿಸುತ್ತಿರುವ ಮಾತೋ ಅಥವಾ ನನ್ನ ಬಾಯಿಯಿಂದ ಮತ್ತೊಬ್ಬರು ಸಲ್ಲಿಸುತ್ತಿರುವ ಮಾತೋ ಎಂಬ ಸಂಕಟ ಪ್ರತಿವರ್ಷವೂ ಕಾಡುತ್ತದೆ.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಮಂತ್ರದಲ್ಲಿ ಶಬ್ದವೇ ಮುಖ್ಯ, ಅರ್ಥ ಗೌಣ ಎಂಬ ಮಾತು ನಮ್ಮ ಶಾಸ್ತ್ರಗಳಲ್ಲಿ ನಿಜವಾಗಿಯೂ ಇದೆಯೇ, ಅಥವಾ ಅರ್ಥ ಹೇಳಲಾಗದವರು ಹೇಳಿಕೊಂಡ ಸಮಾಧಾನವೇ? ಬೇರೆ ಧರ್ಮದವರು ತಮ್ಮ ಪವಿತ್ರ ಭಾಷೆಯನ್ನು ಬಿಟ್ಟಾಗ, ಅಥವಾ ಬಿಡದೆ ಉಳಿಸಿಕೊಂಡಾಗ, ಏನನ್ನು ಪಡೆದರು, ಏನನ್ನು ಕಳೆದುಕೊಂಡರು? ಭಾಷೆಯ ರಾಜಕೀಯಕ್ಕೆ ಹೋಗದೆ, ಆಚರಣೆಯನ್ನು ಹತ್ತಿರದಿಂದ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಕ್ರಮಪಾಠಿ

ನಾನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕೃಷ್ಣ ಯಜುರ್ವೇದದ ತೈತ್ತಿರೀಯ ಶಾಖೆಯನ್ನು ಕಲಿತವನು. ಅರ್ಥವನ್ನು ಓದಲು ತೊಡಗಿದ್ದು ಬಹಳ ವರ್ಷಗಳ ಅನಂತರ. ಆದ್ದರಿಂದ ನೀವು ಹೇಳುವ ಎರಡೂ ಅನುಭವಗಳು ನನಗೆ ಪರಿಚಿತವೇ.

ಮೊದಲ ಪ್ರಶ್ನೆಗೆ ಉತ್ತರ: ಈ ವಾದ ಇತ್ತೀಚಿನದಲ್ಲ. ವೇದದ ಪದಗಳ ಅರ್ಥವನ್ನು ವಿವರಿಸುವ ಪ್ರಾಚೀನ ಗ್ರಂಥವಾದ ಯಾಸ್ಕರ ನಿರುಕ್ತದ ಮೊದಲ ಅಧ್ಯಾಯದಲ್ಲಿಯೇ ಕೌತ್ಸ ಎಂಬ ಆಚಾರ್ಯರ ಮತವನ್ನು ಉಲ್ಲೇಖಿಸಲಾಗಿದೆ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂಬುದು ಅವರ ಪಕ್ಷ. ಮಂತ್ರದಲ್ಲಿ ಒಂದು ಪದದ ಬದಲು ಅದೇ ಅರ್ಥದ ಇನ್ನೊಂದು ಪದವನ್ನು ಹಾಕುವಂತಿಲ್ಲ, ಪದಗಳ ಅನುಕ್ರಮವನ್ನೂ ಬದಲಿಸುವಂತಿಲ್ಲ ಎಂಬುದನ್ನೇ ಅವರು ಕಾರಣವಾಗಿ ಕೊಡುತ್ತಾರೆ. ಯಾಸ್ಕರು ಅದನ್ನು ಒಪ್ಪುವುದಿಲ್ಲ. ಕುರುಡನು ಕಂಬವನ್ನು ಕಾಣದಿದ್ದರೆ ಅದು ಕಂಬದ ಅಪರಾಧವಲ್ಲ ಎಂದು ಉತ್ತರಿಸಿ, ಸ್ವಲ್ಪ ಮುಂದೆ, ವೇದವನ್ನು ಕಲಿತೂ ಅರ್ಥವನ್ನು ಅರಿಯದವನು ಬರೀ ಹೊರೆ ಹೊತ್ತ ಕಂಬ ಎಂಬರ್ಥದ 'ಸ್ಥಾಣುರಯಂ ಭಾರಹಾರಃ' ಎಂಬ ಶ್ಲೋಕವನ್ನು ಎತ್ತಿಕೊಡುತ್ತಾರೆ. ವೈದಿಕ ಕರ್ಮಗಳನ್ನು ವಿಚಾರಿಸುವ ಶಾಸ್ತ್ರವಾದ ಪೂರ್ವಮೀಮಾಂಸೆಯೂ ಇದೇ ಚರ್ಚೆಯನ್ನು ಕೈಗೆತ್ತಿಕೊಂಡು, ಮಂತ್ರಗಳಿಗೆ ಅರ್ಥವಿದೆ, ಕರ್ಮ ನಡೆಯುವಾಗ ಮಾಡುತ್ತಿರುವುದೇನೆಂಬುದನ್ನು ಕರ್ತೃವಿಗೆ ನೆನಪಿಸುವುದೇ ಅವುಗಳ ಕೆಲಸ, ಆದರೆ ಆ ನೆನಪನ್ನು ಮಂತ್ರದಿಂದಲೇ ತಂದುಕೊಳ್ಳಬೇಕು ಎಂದು ತೀರ್ಮಾನಿಸುತ್ತದೆ. ಅಂದರೆ ಅರ್ಥವೂ ಬೇಕು, ಶಬ್ದವೂ ಅದೇ ಇರಬೇಕು. ಅರ್ಥ ಬೇಡವೆಂದು ಯಾಸ್ಕರಾಗಲಿ ಮೀಮಾಂಸಕರಾಗಲಿ ಹೇಳಿಲ್ಲ ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ.

ಶಬ್ದವನ್ನು ಅಷ್ಟು ಬಿಗಿಯಾಗಿ ಹಿಡಿದಿಟ್ಟ ರೀತಿಯನ್ನೂ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಮಂತ್ರಗಳ ಮೂಲಪಾಠವಾದ ಸಂಹಿತೆಯನ್ನು ಕಲಿತ ಮೇಲೆ ಸಂಧಿಗಳನ್ನು ಬಿಡಿಸಿ ಪದಪಾಠ, ಎರಡೆರಡು ಪದಗಳನ್ನು ಕೂಡಿಸುತ್ತ ಸಾಗುವ ಕ್ರಮ, ಹಿಂದುಮುಂದಾಗಿ ಹೇಳುವ ಜಟೆ, ಕೊನೆಗೆ ಘನ. ಘನದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂಬ ಕ್ರಮದಲ್ಲಿ ಪದಗಳು ಸುತ್ತಿ ಬರುತ್ತವೆ. ಪ್ರತಿ ಅಕ್ಷರಕ್ಕೂ ಉದಾತ್ತ, ಅನುದಾತ್ತ, ಸ್ವರಿತ ಎಂಬ ಏರಿಳಿತಗಳ ನಿಯಮವಿದೆ. ಹೀಗೆ ಕಲಿತವನಿಂದ ಒಂದು ಪದ ಜಾರಿಹೋಗುವುದು ಬಹುಮಟ್ಟಿಗೆ ಅಸಾಧ್ಯ. ಬರವಣಿಗೆಯ ನೆರವಿಲ್ಲದೆ ಇಷ್ಟು ದೊಡ್ಡ ವಾಙ್ಮಯವನ್ನು ಸ್ವರಸಹಿತವಾಗಿ ದಾಟಿಸಿದ ಈ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಮೌಖಿಕ ಪರಂಪರೆಯ ಮಹತ್ಕೃತಿಗಳ ಪಟ್ಟಿಗೆ ಸೇರಿಸಿತು. ಇದನ್ನು ಅನುವಾದಿಸಿ ಅನುವಾದವನ್ನೇ ಪಠಿಸಿದರೆ ಉಳಿಯುವುದು ಬೇರೆಯೇ ಆದ ಒಂದು ವಸ್ತು. ರುದ್ರಾಭಿಷೇಕದಲ್ಲಿ ನಿಮಗಾಗುವ ಅನುಭವಕ್ಕೆ ಈ ಸ್ವರಶಿಸ್ತೂ ಕಾರಣ.

ಆದರೆ ಅದೇ ನಮಕದಲ್ಲಿ ಏನಿದೆ ಎಂಬುದನ್ನು ತಿಳಿದರೆ ನಿಮ್ಮ ಸೋಮವಾರವೇ ಬದಲಾಗುತ್ತದೆ. ಅಲ್ಲಿ ರುದ್ರನನ್ನು ಬಡಗಿಗಳ ರೂಪದಲ್ಲಿ, ರಥ ಮಾಡುವವರ ರೂಪದಲ್ಲಿ, ಕುಂಬಾರರ, ಕಮ್ಮಾರರ, ಬೇಟೆಗಾರರ, ನಾಯಿಗಳನ್ನು ಸಾಕುವವರ ರೂಪದಲ್ಲಿ, ಕೊನೆಗೆ ಕಳ್ಳರ ಒಡೆಯನ ರೂಪದಲ್ಲಿಯೂ ಕಂಡು ನಮಸ್ಕರಿಸಲಾಗಿದೆ. ಇದನ್ನು ತಿಳಿಯದೆ ದಶಕಗಳ ಕಾಲ ಅಭಿಷೇಕಕ್ಕೆ ಕುಳಿತವರನ್ನು ನಾನು ಬಲ್ಲೆ. ತಿಳಿದ ದಿನ ಅವರ ಕಣ್ಣಲ್ಲಿ ನೀರು ಬಂದದ್ದನ್ನೂ ನೋಡಿದ್ದೇನೆ. ಅರ್ಥ ತಿಳಿಸುವುದು ನಮ್ಮ ನೆಲದಲ್ಲಿ ಅಪರಿಚಿತ ಕೆಲಸವೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯ ಮತ್ತು ಎರಡನೆಯ ಹರಿಹರರ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ರಚಿಸಿದರು; ಇಂದಿಗೂ ಋಗ್ವೇದವನ್ನು ಓದಲು ತೊಡಗುವ ಅನೇಕರು ಆ ಭಾಷ್ಯದ ನೆರವನ್ನು ಪಡೆಯುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಆ ಭಾಷ್ಯಸಹಿತ ಋಗ್ವೇದವನ್ನು ಕನ್ನಡದಲ್ಲಿ ಹಲವು ಸಂಪುಟಗಳಾಗಿ ಪ್ರಕಟಿಸಿದರು.

ಇನ್ನೊಂದು ಮಾತು. ದೇವಸ್ಥಾನದಲ್ಲಿ ಕೇಳಿಬರುವ ಸಂಸ್ಕೃತವೆಲ್ಲ ವೇದವಲ್ಲ. ಸಂಕಲ್ಪವು ಸರಳವಾದ ಗದ್ಯ. ಅಷ್ಟೋತ್ತರವು ನಾಮಾವಳಿ. ಸ್ತೋತ್ರಗಳು ಕವಿಗಳ ಮತ್ತು ಆಚಾರ್ಯರ ರಚನೆಗಳು. ಇವುಗಳಿಗೆ ಸ್ವರನಿಯಮವಿಲ್ಲ. ವೇದಮಂತ್ರಕ್ಕೆ ಅನ್ವಯಿಸುವ ಕಟ್ಟುನಿಟ್ಟನ್ನು ಇವಕ್ಕೆಲ್ಲ ಹಬ್ಬಿಸಿರುವುದರಿಂದಲೇ ನಿಮ್ಮ ಊರಿನ ಜಗಳ ಅರ್ಧ ಹುಟ್ಟಿಕೊಂಡಿದೆ ಎಂದು ನನಗೆ ತೋರುತ್ತದೆ.

ಉತ್ತರ: ಕುಡ್ಲದ ಓದುಗ

ನಾನು ಮಂಗಳೂರಿನ ಕೊಂಕಣಿ ಕೆಥೋಲಿಕ ಕುಟುಂಬದವನು. ನೀವು ಎದುರಿಸುತ್ತಿರುವ ಪ್ರಶ್ನೆಯನ್ನು ನಮ್ಮ ಸಮುದಾಯ ಅರುವತ್ತು ವರ್ಷಗಳ ಹಿಂದೆ ಎದುರಿಸಿದ್ದರಿಂದ ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಪೂಜೆ, ಅಂದರೆ ನಾವು ಮೀಸ್ ಎನ್ನುವುದು, ಪೂರ್ತಿಯಾಗಿ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಕಡೆಗೆ ಮುಖ ಮಾಡಿ ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದರು. ಪೀಠದ ಸೇವೆಗೆ ನಿಂತ ಹುಡುಗರು ಬಾಯಿಪಾಠ ಮಾಡಿದ ಲ್ಯಾಟಿನ್ ಉತ್ತರಗಳನ್ನು ಕೊಡುತ್ತಿದ್ದರು. ಜನರು ತಮ್ಮ ಪಾಡಿಗೆ ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಜಪಿಸುತ್ತ ಕುಳಿತಿರುತ್ತಿದ್ದರು. ಶೆರ್ಮಾಂವ್, ಅಂದರೆ ಪ್ರವಚನ, ಮಾತ್ರ ಕೊಂಕಣಿಯಲ್ಲಿ. ಒಂದೇ ಸೂರಿನ ಕೆಳಗೆ ಎರಡು ಪ್ರಾರ್ಥನೆಗಳು ನಡೆಯುತ್ತಿದ್ದವು ಎಂದು ಹಿರಿಯರು ಹೇಳುತ್ತಿದ್ದರು, ಮತ್ತು ಅದನ್ನು ಕೊರತೆಯೆಂದು ಅವರಲ್ಲಿ ಎಲ್ಲರೂ ಭಾವಿಸಿರಲಿಲ್ಲ.

ಇಲ್ಲಿ ಒಂದು ಇತಿಹಾಸವನ್ನು ನೆನೆಯಬೇಕು. ರೋಮಿನ ಮೊದಲ ಕ್ರೈಸ್ತರು ಆರಾಧನೆಗೆ ಬಳಸುತ್ತಿದ್ದದ್ದು ಗ್ರೀಕ್. ಜನಸಾಮಾನ್ಯರ ಮಾತು ಲ್ಯಾಟಿನ್ ಆಗಿದ್ದುದರಿಂದಲೇ ನಾಲ್ಕನೆಯ ಶತಮಾನದ ಹೊತ್ತಿಗೆ ಅದು ಆರಾಧನೆಯ ಭಾಷೆಯಾಯಿತು. ಕಾಲ ಕಳೆದು ಜನರ ಮಾತು ಇಟಾಲಿಯನ್, ಫ್ರೆಂಚ್, ಪೋರ್ಚುಗೀಸ್ ಆಗಿ ಬೇರೆಯಾದ ಮೇಲೆಯೂ ಲ್ಯಾಟಿನ್ ಹಾಗೆಯೇ ನಿಂತಿತು. ಅದರೊಳಗೆ 'ಕೀರಿಯೆ ಎಲೆಯಿಸೊನ್' ಎಂಬ ಗ್ರೀಕ್ ಮೊರೆಯೂ, 'ಆಮೆನ್', 'ಅಲ್ಲೆಲೂಯ' ಎಂಬ ಹೀಬ್ರೂ ಮಾತುಗಳೂ ಹಳೆಯ ಪದರಗಳಾಗಿ ಉಳಿದುಕೊಂಡವು. ಲೂಥರ್ ಮೊದಲಾದವರು ಜನರ ಭಾಷೆಯಲ್ಲಿ ಆರಾಧನೆ ಬೇಕೆಂದಾಗ, 1562ರಲ್ಲಿ ಕೆಥೋಲಿಕ ಸಭೆಯ ಟ್ರೆಂಟ್ ಮಹಾಸಭೆಯು ಎಲ್ಲೆಡೆ ಜನಭಾಷೆಯಲ್ಲಿ ಪೂಜೆ ನಡೆಸುವುದು ಉಚಿತವಲ್ಲವೆಂದು ಹೇಳಿತು. ಆದರೆ ಜನರು ಹಸಿದು ಹೋಗದಂತೆ ಪೂಜೆಯ ನಡುವೆಯೇ ಅದರ ಅರ್ಥವನ್ನು ಆಗಾಗ ವಿವರಿಸಬೇಕೆಂದು ಗುರುಗಳಿಗೆ ಆಜ್ಞೆಯನ್ನೂ ಮಾಡಿತು. ಮೊದಲ ಭಾಗ ಶಿಸ್ತಾಗಿ ಪಾಲನೆಯಾಯಿತು. ಎರಡನೆಯದು ಬಹಳ ಕಡೆಗಳಲ್ಲಿ ಮರೆತುಹೋಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ಸಂವಿಧಾನವು ಲ್ಯಾಟಿನ್ ಉಳಿಯಬೇಕು, ಆದರೆ ಜನಭಾಷೆಗೆ ಹೆಚ್ಚಿನ ಅವಕಾಶ ಕೊಡಬಹುದು ಎಂದು ಹೇಳಿತು. ಆಚರಣೆಯಲ್ಲಿ ಕೆಲವೇ ವರ್ಷಗಳಲ್ಲಿ ಲ್ಯಾಟಿನ್ ಬಹುಪಾಲು ಇಗರ್ಜಿಗಳಿಂದ ಮರೆಯಾಯಿತು. ಲಾಭ ದೊಡ್ಡದು: ಇಡೀ ಸಭೆ ಒಂದೇ ಪೂಜೆಯಲ್ಲಿ ದನಿಗೂಡಿಸುತ್ತದೆ, ಕೊಂಕಣಿಯಲ್ಲಿ ಭಕ್ತಿಗೀತೆಗಳ ಒಂದು ಸಮೃದ್ಧ ಪರಂಪರೆ ಬೆಳೆಯಿತು, ಓದಲು ಬಲ್ಲ ಯಾವ ಹೆಂಗಸೂ ಗಂಡಸೂ ಪೀಠದ ಬಳಿ ಬಂದು ವಾಚನ ಮಾಡಬಹುದು. ನಷ್ಟವೂ ಇದೆ. ಲ್ಯಾಟಿನ್ ಪೂಜೆಯ ಹಳೆಯ ಹಾಡುಗಾರಿಕೆಯಾದ ಗ್ರೆಗೋರಿಯನ್ ಗಾಯನ ನಮ್ಮ ಕಿವಿಗಳಿಂದ ಹೆಚ್ಚುಕಡಿಮೆ ಕಳೆದೇಹೋಯಿತು. ಅದರ ಹಂಬಲ ಎಷ್ಟು ಆಳವಾದದ್ದೆಂದರೆ, 2007ರಲ್ಲಿ ಪೋಪ್ ಬೆನೆಡಿಕ್ಟ್ ಹಳೆಯ ಲ್ಯಾಟಿನ್ ಪೂಜೆಗೆ ವಿಶಾಲ ಅನುಮತಿ ಕೊಟ್ಟರು, 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಮತ್ತೆ ಬಿಗಿಗೊಳಿಸಿದರು. ವಿವಾದ ಇನ್ನೂ ತಣ್ಣಗಾಗಿಲ್ಲ.

ನಿಮ್ಮ ಮಂಡಳಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ಯಾರ ಮನೆಮಾತೂ ಅಲ್ಲದ ಭಾಷೆಯ ಮುಂದೆ ಎಲ್ಲರೂ ಸಮಾನ ಅಪರಿಚಿತರು. ಮನೆಮಾತು ಒಳಗೆ ಬಂದ ಕೂಡಲೇ ಯಾರ ಮನೆಮಾತು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಬೆಂಗಳೂರಿನ ಇಗರ್ಜಿಗಳಲ್ಲಿ ಕನ್ನಡ ಮತ್ತು ತಮಿಳು ಪೂಜೆಗಳ ಕುರಿತು ದಶಕಗಳ ಕಾಲ ನಡೆದ ತಿಕ್ಕಾಟವನ್ನು ನೋಡಿದ್ದೇವೆ. ನಿಮ್ಮ ಬಡಾವಣೆಯಲ್ಲಿ ತೆಲುಗು, ತುಳು, ತಮಿಳು ಮಾತಾಡುವ ಭಕ್ತರಿದ್ದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ.

ಉತ್ತರ: ಬಯಲುಸೀಮೆಯವ

ಕ್ರಮಪಾಠಿಯವರ ವಿದ್ವತ್ತಿಗೆ ಗೌರವ ಸಲ್ಲಿಸುತ್ತಲೇ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಶಬ್ದವೋ ಅರ್ಥವೋ ಎಂಬ ಚರ್ಚೆ ನಡೆದದ್ದು ಆ ಶಬ್ದವನ್ನು ಕಲಿಯುವ ಅಧಿಕಾರವಿದ್ದವರ ನಡುವೆ. ಹೆಂಗಸರಿಗೆ, ಶೂದ್ರರೆಂದು ಕರೆಯಿಸಿಕೊಂಡವರಿಗೆ, ಅದಕ್ಕೂ ಹೊರಗೆ ನಿಲ್ಲಿಸಲ್ಪಟ್ಟವರಿಗೆ ಶತಮಾನಗಳ ಕಾಲ ವೇದಾಧ್ಯಯನದ ಬಾಗಿಲೇ ತೆರೆದಿರಲಿಲ್ಲ. ನಮಕದಲ್ಲಿ ಕುಂಬಾರರಿಗೂ ಕಮ್ಮಾರರಿಗೂ ನಮಸ್ಕಾರವಿದೆ ಎಂದು ಅವರು ಬರೆದದ್ದನ್ನು ಓದಿ ಸಂತೋಷವಾಯಿತು. ಆದರೆ ಆ ನಮಸ್ಕಾರವನ್ನು ಕುಂಬಾರನ ಮಗ ಪಾಠಶಾಲೆಯಲ್ಲಿ ಕುಳಿತು ಕಲಿಯುವಂತಿತ್ತೇ ಎಂಬುದು ನನ್ನ ಪ್ರಶ್ನೆ. ಪವಿತ್ರ ಭಾಷೆಯ ಕುರಿತಾದ ಯಾವ ಮಾತೂ ಇದನ್ನು ಬಿಟ್ಟು ಪೂರ್ಣವಾಗುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಾಡಿದ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ವೇದವನ್ನು ಕನ್ನಡಕ್ಕೆ ಅನುವಾದಿಸಲಿಲ್ಲ. ಅಂಬಿಗ, ಮಡಿವಾಳ, ಸಮಗಾರ, ಅಕ್ಕಿ ಆಯುವ ದಂಪತಿ, ಇವರೆಲ್ಲ ತಮ್ಮ ಕಾಯಕದ ಮಾತಿನಲ್ಲಿಯೇ ಶಿವನೊಡನೆ ನೇರವಾಗಿ ಮಾತಾಡಿದರು, ಮತ್ತು ಹಾಗೆ ಮಾತಾಡಲು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಇಂದು ಮದುವೆಗೂ ಗೃಹಪ್ರವೇಶಕ್ಕೂ ಅದೇ ವಚನಗಳನ್ನು ಹೇಳುತ್ತೇವೆ. ದಾಸಸಾಹಿತ್ಯದ ಕಡೆಗೂ ನೋಡಿ: ಸಂಸ್ಕೃತದಲ್ಲಿ ಪ್ರೌಢ ಗ್ರಂಥಗಳನ್ನು ಬರೆದ ವ್ಯಾಸರಾಯರೇ ಪುರಂದರದಾಸರ ಕನ್ನಡ ಕೀರ್ತನೆಗಳನ್ನು ಪುರಂದರೋಪನಿಷತ್ತು ಎಂದು ಕರೆದರೆಂದು ಸಂಪ್ರದಾಯ ಹೇಳುತ್ತದೆ. ಕುವೆಂಪು ಅವರು 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದಾಗಲೂ, ವಧೂವರರು ತಾವು ಕೊಡುವ ವಚನವನ್ನು ತಾವೇ ತಿಳಿದು ಹೇಳಬೇಕೆಂಬುದೇ ಅದರ ತಿರುಳಾಗಿತ್ತು. ಚಿಕ್ಕಮಗಳೂರಿನ ಹಿರೇಮಗಳೂರಿನ ಕೋದಂಡರಾಮ ದೇವಾಲಯದಲ್ಲಿ ಕನ್ನಡದಲ್ಲಿ ಪೂಜೆ ನಡೆಯುತ್ತಿರುವುದು ನಾಡಿಗೆಲ್ಲ ತಿಳಿದಿದೆ. ದೇವರು ಅಲ್ಲಿಂದ ಎದ್ದುಹೋಗಿಲ್ಲ.

ನ್ಯಾಯಾಲಯದ ಮೆಟ್ಟಿಲೇರಿದ ಉದಾಹರಣೆಯೂ ಇದೆ. 2020ರ ಫೆಬ್ರವರಿಯಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಕುಂಭಾಭಿಷೇಕವನ್ನು ಯಾವ ಭಾಷೆಯಲ್ಲಿ ನಡೆಸಬೇಕೆಂಬ ವಿವಾದ ಮದ್ರಾಸ್ ಹೈಕೋರ್ಟಿನ ಮುಂದೆ ಬಂದು, ಕೊನೆಗೆ ಸಂಸ್ಕೃತ ಮತ್ತು ತಮಿಳು ಎರಡರಲ್ಲಿಯೂ ಅದು ನೆರವೇರಿತು. ಎರಡನ್ನೂ ಒಂದೇ ವೇದಿಕೆಯಲ್ಲಿ ಸಮಾನ ಗೌರವದಿಂದ ಹೇಳುವುದು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಸಂಸ್ಕೃತ ಇರಲಿ, ಅದನ್ನು ಕಲಿಯಬಯಸುವ ಯಾರಿಗಾದರೂ ಕಲಿಸುವೆವೆಂದು ನಿಮ್ಮ ಮಂಡಳಿ ಮೊದಲು ಘೋಷಿಸಲಿ.

ಉತ್ತರ: ತಾಳೆಗರಿ

ಮೇಲಿನ ಮೂವರೂ ಹೇಳಿದ್ದಕ್ಕೆ ಪ್ರಾಕೃತ ಮತ್ತು ಪಾಲಿಯ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ, ಏಕೆಂದರೆ ಜನರ ಮಾತೇ ಪವಿತ್ರ ಭಾಷೆಯಾಗಿ, ಮತ್ತೆ ಜನರಿಂದ ದೂರವಾಗುವ ಕಥೆ ಅಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಚುಲ್ಲವಗ್ಗ ಎಂಬ ಭಾಗದಲ್ಲಿ ಒಂದು ಪ್ರಸಂಗವಿದೆ. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಷುಗಳು, ನಾನಾ ಕಡೆಗಳಿಂದ ಬಂದವರು ಬುದ್ಧವಚನವನ್ನು ತಮ್ಮ ತಮ್ಮ ಮಾತಿನಲ್ಲಿ ಹೇಳಿ ಕೆಡಿಸುತ್ತಿದ್ದಾರೆ, ಅದನ್ನು ವೇದದಂತೆ ಛಂದಸ್ಸಿನಲ್ಲಿ ನಿಲ್ಲಿಸೋಣ ಎಂದು ಬಿನ್ನವಿಸಿಕೊಳ್ಳುತ್ತಾರೆ. ಬುದ್ಧ ಅದನ್ನು ನಿಷೇಧಿಸಿ, 'ಸಕಾಯ ನಿರುತ್ತಿಯಾ' ಕಲಿಯಲು ಅನುಮತಿ ಕೊಡುತ್ತಾನೆ. ಅದು ಅವರವರ ನುಡಿಯಲ್ಲಿ ಎಂದೋ, ಬುದ್ಧನ ಸ್ವಂತ ನುಡಿಯಲ್ಲಿ ಎಂದೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯವಿದೆ. ಏನೇ ಇರಲಿ, ಇಂದು ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್‌ಗಳಲ್ಲಿ ಗೃಹಸ್ಥರು ತ್ರಿಶರಣವನ್ನು ಹೇಳುವುದು ಯಾರೂ ಮನೆಯಲ್ಲಿ ಆಡದ ಪಾಲಿಯಲ್ಲಿ. ಜೈನರಲ್ಲಿಯೂ ಹಾಗೆಯೇ. ಸಮವಸರಣದಲ್ಲಿ, ಅಂದರೆ ಉಪದೇಶದ ಸಭೆಯಲ್ಲಿ, ತೀರ್ಥಂಕರರ ದಿವ್ಯಧ್ವನಿಯನ್ನು ಪ್ರತಿಯೊಂದು ಜೀವಿಯೂ ತನ್ನ ತನ್ನ ಭಾಷೆಯಲ್ಲಿ ಕೇಳಿಸಿಕೊಂಡಿತೆಂಬುದು ಸಂಪ್ರದಾಯದ ನಂಬಿಕೆ. ಆದರೆ ಶ್ರವಣಬೆಳಗೊಳದ ಶ್ರಾವಕನ ಬಾಯಲ್ಲಿ ಬೆಳಗಾಗೆದ್ದು ಬರುವ ಣಮೋಕಾರ ಮಂತ್ರ ಪ್ರಾಕೃತದ್ದು, ಅದನ್ನು ಕನ್ನಡಿಸಿ ಜಪಿಸಬೇಕೆಂದು ಯಾರಿಗೂ ಅನ್ನಿಸಿಲ್ಲ. ಅದು ಚಿಕ್ಕದು, ಅದರ ಅರ್ಥವನ್ನು ಮಕ್ಕಳಿಗೆ ಮೊದಲೇ ಹೇಳಿಕೊಡುತ್ತಾರೆ. ಆದ್ದರಿಂದ ಅಲ್ಲಿ ಶಬ್ದಕ್ಕೂ ಅರ್ಥಕ್ಕೂ ಬಿರುಕಿಲ್ಲ.

ಬಿರುಕು ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ಮೂಡುಬಿದಿರೆಯ ಉದಾಹರಣೆಯನ್ನು ಕೊಡಬೇಕು. ದಿಗಂಬರ ಪರಂಪರೆಯ ಅತ್ಯಂತ ಪ್ರಾಚೀನ ಆಗಮವಾದ ಷಟ್ಖಂಡಾಗಮ, ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ಇವುಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿನ ಗುರುಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಯಾತ್ರಿಕರು ಬಂದು ಆ ಸಿದ್ಧಾಂತ ಗ್ರಂಥಗಳ ದರ್ಶನ ಪಡೆದು ನಮಸ್ಕರಿಸಿ ಹೋಗುತ್ತಿದ್ದರು. ಬಿಚ್ಚಿ ಓದುವ ಪರಿಪಾಠ ನಿಂತೇಹೋಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪ್ರತಿಗಳನ್ನು ಮಾಡುವ ಕೆಲಸ ಆರಂಭವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ 16 ಸಂಪುಟಗಳಾಗಿ ಹಿಂದಿ ಅನುವಾದದೊಡನೆ ಹೊರಬಂದಿತು. ಪೂಜೆಯೇ ಆ ಗರಿಗಳನ್ನು ಕಾಪಾಡಿತು ಎಂಬುದೂ ಸತ್ಯ. ಪೂಜೆಯಷ್ಟರಲ್ಲೇ ನಿಂತಿದ್ದರೆ ಅವು ಮಾತಾಡುತ್ತಿರಲಿಲ್ಲ ಎಂಬುದೂ ಸತ್ಯ. ಈ ನಾಡಿನ ಜೈನರು ಇದಕ್ಕಾಗಿ ಹೆಮ್ಮೆಪಡಬೇಕು ಎಂದು ನಾನು ಮನಸಾರೆ ಭಾವಿಸುತ್ತೇನೆ.

ಶರಾವತಿ ತೀರದವರು ಶ್ರಾದ್ಧದ ಸಂಕಟವನ್ನು ಹೇಳಿಕೊಂಡಿದ್ದಾರೆ. ಯಹೂದ್ಯರ ಪ್ರಾಚೀನ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಅದಕ್ಕೆ ಬಹಳ ಸಮೀಪದ ಒಂದು ವಿಷಯ ಬರುತ್ತದೆ. ಸೋಟಾ ಎಂಬ ಪ್ರಕರಣದಲ್ಲಿ ಯಾವುದನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು, ಯಾವುದನ್ನು ಪವಿತ್ರ ಭಾಷೆಯಾದ ಹೀಬ್ರೂವಿನಲ್ಲಿಯೇ ಹೇಳಬೇಕು ಎಂಬ ಎರಡು ಪಟ್ಟಿಗಳಿವೆ: ದೇವರು ಒಬ್ಬನೇ ಎಂದು ಸಾರುವ ಶೆಮಾ, ನಿತ್ಯದ ಪ್ರಾರ್ಥನೆ, ಊಟದ ನಂತರದ ಕೃತಜ್ಞತೆ, ಸಾಕ್ಷಿಯ ಪ್ರಮಾಣ ಇವು ಮೊದಲನೆಯದರಲ್ಲಿ, ಪುರೋಹಿತರ ಆಶೀರ್ವಾದ ಮತ್ತು ಮೊದಲ ಫಲವನ್ನು ಅರ್ಪಿಸುವಾಗ ಹೇಳುವ ವಾಕ್ಯಗಳು ಎರಡನೆಯದರಲ್ಲಿ. ಆ ಮೊದಲ ಫಲದ ಬಗ್ಗೆ ಬಿಕ್ಕೂರಿಮ್ ಪ್ರಕರಣ ಹೇಳುವ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಹಿಂದೆ ಹೀಬ್ರೂ ಬಲ್ಲವರು ತಾವೇ ಓದುತ್ತಿದ್ದರಂತೆ, ಬಾರದವರಿಗೆ ಹೇಳಿಕೊಡಲಾಗುತ್ತಿತ್ತಂತೆ. ಬಾರದವರು ನಾಚಿ ಫಲ ತರುವುದನ್ನೇ ಬಿಟ್ಟರು. ಆಗ ಬಲ್ಲವರಿಗೂ ಬಾರದವರಿಗೂ ಎಲ್ಲರಿಗೂ ಹೇಳಿಕೊಟ್ಟೇ ಹೇಳಿಸಬೇಕೆಂದು ನಿಯಮ ಮಾಡಿದರು. ಭಾಷೆಯನ್ನು ಬದಲಿಸದೆ, ಭಾಷೆ ಬಾರದವನ ಮಾನವನ್ನು ಕಾಪಾಡಿದ ಈ ಕ್ರಮದಲ್ಲಿ ಎಷ್ಟು ಕರುಣೆಯಿದೆ ನೋಡಿ.

ಉತ್ತರ: ಭೀಮಾ ದಂಡೆ

ತಾಳೆಗರಿಯವರು ಹೇಳಿದ ಎರಡು ಪಟ್ಟಿಗಳ ಮಾತು ಇಸ್ಲಾಮಿಗೂ ಹೊಂದುತ್ತದೆ. ಐದು ಹೊತ್ತಿನ ಕಡ್ಡಾಯ ನಮಾಜಿನ 17 ರಕಅತ್‌ಗಳಲ್ಲಿ, ಅಂದರೆ ಆವರ್ತನಗಳಲ್ಲಿ, ಪ್ರತಿಸಲವೂ ಕುರಾನಿನ ಮೊದಲ ಅಧ್ಯಾಯವಾದ ಸೂರಾ ಫಾತಿಹಾವನ್ನು ಅರಬಿಯಲ್ಲಿಯೇ ಓದುತ್ತೇವೆ. ನಮಾಜು ಮುಗಿದ ಮೇಲೆ ಕೈಯೆತ್ತಿ ಬೇಡುವ ದುಆವನ್ನು ಯಾವ ಭಾಷೆಯಲ್ಲಾದರೂ ಬೇಡಬಹುದು. ನಮ್ಮ ಮನೆಯಲ್ಲಿ ಹಿರಿಯರು ದಖ್ಖನಿ ಉರ್ದುವಿನಲ್ಲಿ ಬೇಡುತ್ತಾರೆ, ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಕನ್ನಡದಲ್ಲಿ ಬೇಡುವುದನ್ನೂ ಕೇಳಿದ್ದೇನೆ.

ಫಾತಿಹಾವನ್ನು ಪಾರಸಿಯಲ್ಲಿ ಹೇಳಬಹುದೇ ಎಂಬ ಪ್ರಶ್ನೆ ಎಂಟನೆಯ ಶತಮಾನದಷ್ಟು ಹಿಂದೆಯೇ ಎದ್ದಿತ್ತು. ಇಮಾಮ್ ಅಬೂ ಹನೀಫಾ ಅವರು ಅದಕ್ಕೆ ಅವಕಾಶವಿದೆಯೆಂದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರು ಅರಬಿ ಹೇಳಲು ಶಕ್ತಿಯಿಲ್ಲದವರಿಗೆ ಮಾತ್ರ ಎಂದು ಅದನ್ನು ಮಿತಿಗೊಳಿಸಿದರು. ಅನಂತರದ ಪರಂಪರೆ ಅರಬಿಯಲ್ಲಿಯೇ ನೆಲೆನಿಂತಿತು. ಅನುವಾದವನ್ನು ಕುರಾನಿನ ಅರ್ಥವೆಂದು ಗೌರವಿಸುತ್ತೇವೆ, ಕುರಾನ್ ಎಂದು ಕರೆಯುವುದಿಲ್ಲ.

ಮೇಲಿನಿಂದ ಹೇರಿದ ಬದಲಾವಣೆ ಏನಾಗುತ್ತದೆಂಬುದಕ್ಕೆ ತುರ್ಕಿಯ ಉದಾಹರಣೆಯಿದೆ. ಅಲ್ಲಿನ ಸರ್ಕಾರ 1932ರಲ್ಲಿ ಅಜಾನ್ ಅನ್ನು ತುರ್ಕಿ ಭಾಷೆಯಲ್ಲಿ ಕೂಗುವ ಪದ್ಧತಿಯನ್ನು ತಂದಿತು, 1941ರಲ್ಲಿ ಅರಬಿ ಅಜಾನ್ ಕೂಗಿದರೆ ಶಿಕ್ಷೆಯೆಂದು ಕಾನೂನು ಮಾಡಿತು. ಭಾಷೆ ಅವರದೇ ಆಗಿತ್ತು, ಅರ್ಥವೂ ಸ್ಪಷ್ಟವಾಗಿತ್ತು. ಆದರೂ 1950ರಲ್ಲಿ ನಿಷೇಧ ತೆರವಾದಾಗ ಜನರು ಸಂಭ್ರಮದಿಂದ ಅರಬಿಗೆ ಹಿಂದಿರುಗಿದರು. ಹಾಗಾಗಿ ನಿಮ್ಮ ಮಂಡಳಿಯವರು ಏನು ಮಾಡಿದರೂ ಭಕ್ತರ ಮನಸ್ಸು ಒಪ್ಪುವವರೆಗೆ ಕಾಯಿರಿ ಎಂದು ವಿನಂತಿ. ನಮ್ಮ ಕಡೆ ಅನೇಕ ಮಸೀದಿಗಳಲ್ಲಿ ಶುಕ್ರವಾರದ ಅರಬಿ ಖುತ್ಬಾಕ್ಕೆ, ಅಂದರೆ ವಿಧಿಬದ್ಧ ಪ್ರವಚನಕ್ಕೆ, ಮುಂಚೆ ಜನರ ಭಾಷೆಯಲ್ಲಿ ಉಪದೇಶ ನಡೆಯುತ್ತದೆ. ಅರಬಿಯ ಒಂದಕ್ಷರವನ್ನೂ ಮುಟ್ಟದೆ ಜನರಿಗೆ ತಲುಪಬೇಕಾದದ್ದು ತಲುಪುತ್ತದೆ.

ಮರುಪ್ರಶ್ನೆ: ಶರಾವತಿ ತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ವೇದಮಂತ್ರಗಳನ್ನು ಸ್ವರಸಹಿತ ಹಾಗೆಯೇ ಉಳಿಸಿ, ಸಂಕಲ್ಪವನ್ನು ಕನ್ನಡದಲ್ಲಿಯೂ ಹೇಳಿಸಿ, ಸ್ತೋತ್ರಗಳ ಜೊತೆಗೆ ವಚನ ಮತ್ತು ಕೀರ್ತನೆಗಳಿಗೆ ನಿತ್ಯದ ಸ್ಥಾನ ಕೊಡಬೇಕೆಂದು ಬರೆಯುತ್ತಿದ್ದೇನೆ. ಬಯಲುಸೀಮೆಯವರ ಸಲಹೆಯಂತೆ ಸಂಸ್ಕೃತ ಮತ್ತು ವೇದಪಾಠವನ್ನು ಕಲಿಯಬಯಸುವ ಎಲ್ಲರಿಗೂ ಭಾನುವಾರದ ತರಗತಿಯನ್ನು ಮೊದಲ ಅಂಶವಾಗಿ ಸೇರಿಸುತ್ತೇನೆ. ಕ್ರಮಪಾಠಿಯವರಲ್ಲಿ ಒಂದು ವಿನಂತಿ: ಸಂಕಲ್ಪವನ್ನು ಕನ್ನಡದಲ್ಲಿ ಹೇಳಿಸುವ ಕ್ರಮ ಹೇಗಿರಬೇಕು? ಶ್ರಾದ್ಧದ ವಿಷಯದಲ್ಲಿ ನಾನು ಏನು ಮಾಡಲಿ?

ಉತ್ತರ: ಕ್ರಮಪಾಠಿ

ಬಯಲುಸೀಮೆಯವರ ಆಕ್ಷೇಪ ನ್ಯಾಯವಾದದ್ದು. ತರಗತಿಯ ವಿಷಯವನ್ನು ಮೊದಲಿಗಿಟ್ಟದ್ದು ಸಂತೋಷ ತಂದಿತು.

ಸಂಕಲ್ಪದಲ್ಲಿ ಇರುವುದು ಕಾಲ, ದೇಶ, ಕರ್ತೃ ಮತ್ತು ಉದ್ದೇಶ. ಶ್ವೇತವರಾಹ ಕಲ್ಪದಿಂದ ತೊಡಗಿ ಇಂದಿನ ತಿಥಿ, ವಾರ, ನಕ್ಷತ್ರದವರೆಗೆ ಕಾಲ. ಜಂಬೂದ್ವೀಪ, ಭರತವರ್ಷದಿಂದ ಗೋದಾವರಿಯ ದಕ್ಷಿಣ ತೀರದವರೆಗೆ ದೇಶ. ಊರು ಬದಲಾದರೆ ಮಾತೂ ಬದಲಾಗುತ್ತದೆ: ಅಮೆರಿಕದಲ್ಲಿರುವ ನಮ್ಮ ಪುರೋಹಿತರು ಕ್ರೌಂಚದ್ವೀಪೇ, ರಮಣಕವರ್ಷೇ ಎಂದು ಹೇಳುವುದನ್ನು ನೀವು ಕೇಳಿರಬಹುದು. ಆದ್ದರಿಂದ ಮೊದಲು ಯಜಮಾನನು, ಅಂದರೆ ಪೂಜೆ ಮಾಡಿಸುವವನು, ತಾನು ಯಾರು, ಯಾವ ದಿನ, ಎಲ್ಲಿ ಕುಳಿತು, ಯಾರಿಗಾಗಿ, ಏನನ್ನು ಮಾಡುತ್ತಿದ್ದೇನೆ ಎಂಬುದನ್ನು ಕನ್ನಡದಲ್ಲಿ ತನ್ನ ಬಾಯಿಂದಲೇ ಹೇಳಲಿ. ಅನಂತರ ಅದನ್ನೇ ಸಂಸ್ಕೃತದಲ್ಲಿ ಅರ್ಚಕರೊಡನೆ ಹೇಳಲಿ. ಎರಡು ನಿಮಿಷ ಹೆಚ್ಚಾಗುತ್ತದೆ, ಅಷ್ಟೇ. ತುಳುವಿನವರು ತುಳುವಿನಲ್ಲಿ, ತೆಲುಗಿನವರು ತೆಲುಗಿನಲ್ಲಿ ಹೇಳಿದರೂ ಬಾಧಕವಿಲ್ಲ. ಕುಡ್ಲದ ಓದುಗರು ಎತ್ತಿದ ತೊಡಕಿಗೆ ಇದರಿಂದ ಸ್ವಲ್ಪಮಟ್ಟಿಗಾದರೂ ಪರಿಹಾರ ಸಿಗಬಹುದು.

ಶ್ರಾದ್ಧಕ್ಕೆ ಮುಂಚಿನ ದಿನ ನಿಮ್ಮ ಪುರೋಹಿತರ ಬಳಿ ಅರ್ಧ ಗಂಟೆ ಕುಳಿತು, ಮರುದಿನ ಹೇಳಬೇಕಾದ ಮುಖ್ಯ ಮಂತ್ರಗಳ ತಾತ್ಪರ್ಯವನ್ನು ಕೇಳಿ ಬರೆದುಕೊಳ್ಳಿ. ಬಹುಪಾಲು ಪುರೋಹಿತರು ಕೇಳಿದರೆ ಸಂತೋಷದಿಂದ ಹೇಳುತ್ತಾರೆ, ಕೇಳುವವರೇ ಕಡಿಮೆ. ಋಗ್ವೇದದ ಪಿತೃಸೂಕ್ತದಲ್ಲಿ ಅಗ್ನಿಯಲ್ಲಿ ದಹಿಸಲ್ಪಟ್ಟ ಪಿತೃಗಳನ್ನೂ ದಹಿಸಲ್ಪಡದವರನ್ನೂ ಒಟ್ಟಿಗೆ ಸ್ಮರಿಸಲಾಗಿದೆ. ತರ್ಪಣದ ಕೊನೆಯಲ್ಲಿ, ತಾಯಿಯಾಗಲಿ ತಂದೆಯಾಗಲಿ ಬಂಧುವಾಗಲಿ ಯಾರೂ ಇಲ್ಲದವರು ನಾನು ಬಿಟ್ಟ ಈ ನೀರಿನಿಂದ ತೃಪ್ತರಾಗಲಿ ಎಂಬ ಶ್ಲೋಕ ಬರುತ್ತದೆ, 'ಆಬ್ರಹ್ಮಸ್ತಂಬಪರ್ಯಂತಂ' ಎನ್ನುವಲ್ಲಿ ಬ್ರಹ್ಮನಿಂದ ಹುಲ್ಲಿನ ಗರಿಯವರೆಗಿನ ಸಮಸ್ತ ಜೀವಗಳೂ ಸೇರುತ್ತವೆ. ಈ ಎರಡನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಅಲ್ಲಿಗೆ ಬಂದಾಗ ಆತುರಪಡದೆ ನಿಧಾನವಾಗಿ ಹೇಳಿಸಬೇಕೆಂದು ಪುರೋಹಿತರಲ್ಲಿ ಮೊದಲೇ ವಿನಂತಿಸಿಕೊಳ್ಳಿ.